ಅವ್ವನ ಹೆಸರಿನಲ್ಲಿ ಇಟ್ಟ ನೀರಿನ ಚಿತ್ರ

ಯಾರಾದರೂ ದೆವ್ವ, ಶಕುನ, ಮುನ್ಸೂಚನೆ ಎಂದು ಮಾತು ತೆಗೆದರೆ ಚಹಾದ ಕಪ್ಪನ್ನು ಅರ್ಧಕ್ಕೇ ಕೆಳಗಿಟ್ಟು ಎದ್ದು ಹೋಗುತ್ತಿದ್ದವನು ನಾನು. ಅದೆಲ್ಲ ಕೆಲಸವಿಲ್ಲದವರ ಕೆಲಸ ಎಂದೇ ತಿಳಿದಿದ್ದೆ. ನನ್ನ ಉದ್ಯೋಗವೂ ಹಾಗೆಯೇ ಇದೆ. ಕಂಪ್ಯೂಟರ್ ತಪ್ಪು ಮಾಡಿದರೆ ಅದಕ್ಕೊಂದು ಕಾರಣ ಇದ್ದೇ ಇರುತ್ತದೆ. ಹುಡುಕಿದರೆ ಸಿಗುತ್ತದೆ, ಸಿಗದಿದ್ದರೆ ನಾವು ಸರಿಯಾಗಿ ಹುಡುಕಿಲ್ಲ ಎಂದರ್ಥ. ಇಪ್ಪತ್ತು ವರ್ಷ ಇದನ್ನೇ ಹೇಳಿಕೊಂಡು ಅನ್ನ ತಿಂದಿದ್ದೇನೆ. ಆದ್ದರಿಂದ ಈಗ ಬರೆಯಹೊರಟಿರುವುದನ್ನು ಓದಿ ನೀವು ನಕ್ಕರೆ ನನಗೇನೂ ಬೇಸರವಿಲ್ಲ. ಎರಡು ವರ್ಷದ ಹಿಂದೆ ನಾನೂ ನಿಮ್ಮ ಜೊತೆ ಕೂತು ನಗುತ್ತಿದ್ದೆ.

ನಮ್ಮದು ಮೂಲತಃ ವಿಜಯಪುರದ ಕಡೆ. ಅಪ್ಪ ಮುಂಬಯಿ ಹತ್ತಿರದ ಡೊಂಬಿವಲಿಯಲ್ಲಿ, ಎಂಐಡಿಸಿ ಎಂದು ಕರೆಯುವ ಕೈಗಾರಿಕಾ ಪ್ರದೇಶದ ಒಂದು ಬಣ್ಣದ ಕಾರ್ಖಾನೆಗೆ ಕೆಲಸಕ್ಕೆ ಬಂದವನು ಇಲ್ಲಿಯೇ ಉಳಿದ, ಇಲ್ಲಿಯೇ ತೀರಿಕೊಂಡ. ಅವ್ವ, ನಾನು, ನನ್ನ ಹೆಂಡತಿ ಮೂವರೂ ಈಗಲೂ ಅದೇ ಎಂಐಡಿಸಿಯ ವಸತಿ ಭಾಗದಲ್ಲಿದ್ದೇವೆ. ಗಾಳಿಯಲ್ಲಿನ ರಾಸಾಯನಿಕದ ವಾಸನೆ ನಮಗೆ ಗೊತ್ತೇ ಆಗುವುದಿಲ್ಲ, ಊರಿನಿಂದ ಬಂದ ನೆಂಟರು ಮೂಗು ಮುಚ್ಚಿಕೊಂಡಾಗಲೇ ನೆನಪಾಗುವುದು.

ನನ್ನ ಕೆಲಸವನ್ನು ಸ್ವಲ್ಪ ಹೇಳಿಬಿಡುತ್ತೇನೆ. ಸಿಟಿ ಸ್ಕ್ಯಾನ್ ಮಾಡುವ ಸಣ್ಣ ಸಣ್ಣ ಸೆಂಟರುಗಳಲ್ಲಿ, ಯಂತ್ರ ತೆಗೆದ ಚಿತ್ರಗಳನ್ನು ಒಂದು ಕಂಪ್ಯೂಟರಿನಲ್ಲಿ ಕೂಡಿಟ್ಟು, ಡಾಕ್ಟರು ಅವನ್ನು ಪರದೆಯ ಮೇಲೆ ತೆರೆದು ನೋಡುವಂತೆ ಮಾಡುವ ಸಾಫ್ಟ್‌ವೇರ್ ಇರುತ್ತದೆ. ಅದನ್ನು ಲಿನಕ್ಸ್ ಎಂಬ ವ್ಯವಸ್ಥೆಯಲ್ಲಿ ನಡೆಯುವ ಕಂಪ್ಯೂಟರುಗಳಲ್ಲಿ ಕೂರಿಸುವುದು, ಕೆಟ್ಟರೆ ರಿಪೇರಿ ಮಾಡುವುದು ನನ್ನ ಕೆಲಸ. ಲಿನಕ್ಸ್ ಪುಕ್ಕಟೆ, ಗಟ್ಟಿಮುಟ್ಟು, ಆದರೆ ಬಲು ಮೊಂಡು. ಒಲಿದರೆ ನಾರಿ, ಮುನಿದರೆ ಮಾರಿ. ಠಾಣೆಯಿಂದ ಪನವೇಲಿನವರೆಗೆ ಇಂಥ ಎಷ್ಟೋ ಮಾರಿಗಳನ್ನು ನಾನು ಒಲಿಸಿಕೊಂಡಿದ್ದೇನೆ.

ಹೊಸದಾಗಿ ಕೂರಿಸಿದ ಸಾಫ್ಟ್‌ವೇರ್ ಸರಿಯಿದೆಯೇ ಎಂದು ನೋಡಲು ಪರೀಕ್ಷೆಯ ಚಿತ್ರ ಬೇಕು. ಸ್ಕ್ಯಾನ್ ಸೆಂಟರುಗಳಲ್ಲಿ ಬೆಳಿಗ್ಗೆ ರೋಗಿಗಳು ಬರುವ ಮೊದಲು ನೀರು ತುಂಬಿದ ಪ್ಲಾಸ್ಟಿಕ್ ಡಬ್ಬಿಯೊಂದನ್ನು ಸ್ಕ್ಯಾನ್ ಮಾಡಿ ಯಂತ್ರ ನೆಟ್ಟಗಿದೆಯೇ ಎಂದು ನೋಡುತ್ತಾರೆ. ಆ ಚಿತ್ರ ಎಂದರೆ ಒಂದು ಬೂದು ಬಣ್ಣದ ವೃತ್ತ, ಒಳಗೆ ಏನೂ ಇರುವುದಿಲ್ಲ. ನಾವು ಅದರ ಪ್ರತಿ ತೆಗೆದು, ಇಲ್ಲದ ರೋಗಿಯೊಬ್ಬನ ಹೆಸರು ಹಚ್ಚಿ ಪರೀಕ್ಷೆ ಮಾಡುತ್ತೇವೆ. ಬಹಳ ಮಂದಿ ‘ಟೆಸ್ಟ್’ ಎಂದು ಬರೆಯುತ್ತಾರೆ. ಒಮ್ಮೆ ವಾಶಿಯಲ್ಲಿ ನನಗಿಂತ ಮೊದಲು ಬಂದವರೆಲ್ಲ ಬಿಟ್ಟುಹೋದ ಟೆಸ್ಟುಗಳ ರಾಶಿಯಲ್ಲಿ ನನ್ನ ಟೆಸ್ಟ್ ಯಾವುದೆಂದು ಹುಡುಕಿ ಹುಡುಕಿ ಸಾಕಾಗಿತ್ತು. ಸುನೀತಾ, ಗಣೇಶ ಎಂದು ಬರೆದರೆ ನಿಜವಾದ ರೋಗಿಗಳ ಜೊತೆ ಕಲೆತುಹೋಗುತ್ತದೆ. ಅಂದಿನಿಂದ ನಾನು ಅವ್ವನ ಹೆಸರು ಬರೆಯತೊಡಗಿದೆ. ಅವ್ವನ ಹೆಸರು ನಿಂಬೆವ್ವ. ಇಡೀ ನವಿ ಮುಂಬಯಿಯಲ್ಲಿ ಸ್ಕ್ಯಾನಿಗೆ ಇನ್ನೊಬ್ಬ ನಿಂಬೆವ್ವ ಬರುವ ಸಂಭವವಿಲ್ಲ, ಹುಡುಕಿದ ಕೂಡಲೇ ಸಿಗುತ್ತಾಳೆ. ಹೆಣ್ಣಿಗೊಂದು, ಗಂಡಿಗೊಂದು ಬೇಕಾಗುವುದರಿಂದ ಎರಡನೆಯದಕ್ಕೆ ನನ್ನದೇ ಹೆಸರು. ಅದೂ ಇಲ್ಲಿನವರ ಬಾಯಲ್ಲಿ ತಿರುಗದ ಹೆಸರೇ. ಜನ್ಮ ತಾರೀಖುಗಳೂ ನಮ್ಮವೇ, ಬೆರಳಿಗೆ ರೂಢಿಯಾದದ್ದು. ಕೆಲಸ ಮುಗಿದ ಮೇಲೆ ಎರಡನ್ನೂ ಅಳಿಸಿ ಬರುತ್ತಿದ್ದೆ. ಅವ್ವನಿಗೆ ಇದನ್ನು ಹೇಳಿದಾಗ, “ದಿನಾ ಒಂದ್ ದವಾಖಾನಿಗೆ ಹಾಕ್ತಿ ನನ್ನ” ಎಂದು ನಕ್ಕಿದ್ದಳು.

ಆವತ್ತು ರವಿವಾರ. ಪನವೇಲಿನ ಹತ್ತಿರದ ಕಾಮೋಠೆಯ ಒಂದು ಸೆಂಟರಿನಲ್ಲಿ ಹಳೆಯ ಕಂಪ್ಯೂಟರ್ ತೆಗೆದು ಹೊಸದನ್ನು ಇಡುವುದಿತ್ತು. ರವಿವಾರ ಮಧ್ಯಾಹ್ನ ಒಂದಕ್ಕೆ ಸೆಂಟರ್ ಮುಚ್ಚುತ್ತಿತ್ತು, ಸೋಮವಾರ ಬೆಳಿಗ್ಗೆ ಎಂಟಕ್ಕೆ ರೋಗಿಗಳು ಬರುವ ಹೊತ್ತಿಗೆ ಎಲ್ಲ ನಡೆಯುತ್ತಿರಬೇಕು. ಡಾಕ್ಟರು, ಸ್ಕ್ಯಾನ್ ತೆಗೆಯುವ ಹುಡುಗಿ ಇಬ್ಬರೂ ಹೊರಟುಹೋದರು. ಉಳಿದವಳು ಮಹಾದೇವಿ ಒಬ್ಬಳೇ. ಅವಳು ಕಲಬುರಗಿ ಕಡೆಯವಳು, ಅಲ್ಲಿ ಕಸಗುಡಿಸಿ, ಬಾಗಿಲ ಕೀಲಿ ಇಟ್ಟುಕೊಳ್ಳುವವಳು. ಗಂಡ ಹತ್ತಿರದಲ್ಲೇ ಕಟ್ಟಡದ ಕೆಲಸಕ್ಕೆ ಹೋಗುತ್ತಿದ್ದ. ನಾನು ಕನ್ನಡದವನೆಂದು ತಿಳಿದಾಗಿನಿಂದ ನಾನು ಬಂದ ದಿನ ಅವಳ ಬಾಯಿಗೆ ಬಿಡುವಿರಲಿಲ್ಲ. ಬಾಗಿಲ ಬಳಿ ನೆಲಕ್ಕೆ ಕೂತು ಮೆಂತ್ಯದ ಸೊಪ್ಪು ಸೋಸುತ್ತಿದ್ದಳು.

ಬೆಳಗಿನ ನೀರಿನ ಡಬ್ಬಿಯ ಚಿತ್ರವನ್ನು ನಾನೇ ತೆಗೆದುಕೊಂಡು ಎರಡು ಪ್ರತಿ ಮಾಡಿದೆ. ಒಂದಕ್ಕೆ ಅವ್ವನ ಹೆಸರು, ಇನ್ನೊಂದಕ್ಕೆ ನನ್ನದು. ಬರೆಯುವಾಗ ಬಾಯಲ್ಲಿ ಹೇಳಿಕೊಳ್ಳುವುದು ನನ್ನ ಚಾಳಿ. ಮಹಾದೇವಿ ತಲೆಯೆತ್ತಿದಳು.

“ನಿಂಬೆವ್ವ ಅಂದ್ರ ಯಾರ್ರಿ ಸರ?”

“ನಮ್ಮವ್ವ.”

“ಜೀವಂತ ಅದಾರ?”

“ಗುಂಡಕಲ್ಲಿನಂಗ ಗಟ್ಟಿ ಅದಾಳ.”

“ಮತ್ತ ರೋಗಿ ಪಟ್ಟ್ಯಾಗ ಯಾಕ್ ಬರದ್ರಿ? ಜೀವಂತ ಇದ್ದವರ ಹೆಸ್ರು ಹಂಗ ಬರೀಬಾರದ್ರಿ. ಇಲ್ಲದ್ದನ್ನ ಕರದಂಗ ಆಗ್ತದ.”

ನಾನು ನಕ್ಕುಬಿಟ್ಟೆ. ಇದು ಬರೀ ನೀರಿನ ಚಿತ್ರ, ನೀರಿಗೆ ಯಾವ ರೋಗ ಎಂದೆ. ಅವಳು ನಗಲಿಲ್ಲ. ಕೆಲಸದ ವಹಿಯಲ್ಲಿ ಸಮಯ ಬರೆದುಕೊಳ್ಳುವ ರೂಢಿ ನನಗಿದೆ, ಒಂದು ನಲವತ್ತಾಗಿತ್ತು.

ಮುಂದಿನ ಎರಡೂವರೆ ತಾಸು ಆ ಕಂಪ್ಯೂಟರ್ ನನ್ನ ಜೀವ ಹಿಂಡಿತು. ಸಾಫ್ಟ್‌ವೇರ್ ಕೂರಿಸಿದರೆ, ತನಗೆ ಬೇಕಾದ ಇನ್ನೊಂದು ಭಾಗ ಇಲ್ಲ ಎಂದಿತು. ಅದನ್ನು ತಂದುಹಾಕಿದರೆ ಅದರ ಹೊಸ ಆವೃತ್ತಿ ಬೇಡ, ಹಳೆಯದೇ ಬೇಕು ಎಂದಿತು. ಹಳೆಯದನ್ನು ಹುಡುಕಿ ಹಾಕಿದರೆ ಕಿಟಕಿ ಒಮ್ಮೆ ಮಿಂಚಿ ಮುಚ್ಚಿಹೋಯಿತು. ಗ್ರಾಫಿಕ್ಸ್ ಕಾರ್ಡಿನ ಡ್ರೈವರ್ ಬದಲಿಸಿದೆ. ಆಮೇಲೆ ಕಿಟಕಿ ತೆರೆಯಿತು, ಹೆಸರುಗಳೂ ಬಂದವು, ಚಿತ್ರದ ಜಾಗದಲ್ಲಿ ಮಾತ್ರ ಬರೀ ಕಪ್ಪು. ಚಿತ್ರಗಳಿರುವ ಫೋಲ್ಡರನ್ನು ಓದುವ ಅನುಮತಿ ಅದಕ್ಕಿಲ್ಲ ಎಂದು ಕೊನೆಗೆ ಗೊತ್ತಾಯಿತು. ಕೊಟ್ಟೆ, ಮತ್ತೆ ಶುರು ಮಾಡಿದೆ. ನಾಲ್ಕೂ ಕಾಲು ಆಗಿತ್ತು. ಪಟ್ಟಿಯಲ್ಲಿ ಎರಡೇ ಸಾಲು, ಮೇಲೆ ನಿಂಬೆವ್ವ, ಕೆಳಗೆ ನಾನು. ಮೇಲಿನ ಸಾಲನ್ನು ಒತ್ತಿದೆ.

ಪರದೆಯ ಮೇಲೆ ಬಂದದ್ದು ನೀರಲ್ಲ. ಒಂದು ತಲೆ.

ನಾನು ಡಾಕ್ಟರಲ್ಲ. ಆದರೆ ಇಪ್ಪತ್ತು ವರ್ಷ ಡಾಕ್ಟರುಗಳ ಬೆನ್ನ ಹಿಂದೆ ನಿಂತು ಇಂಥ ಚಿತ್ರಗಳನ್ನು ನೋಡಿದ್ದೇನೆ. ತಲೆಬುರುಡೆಯ ಒಳಮೈಗೆ ಅಂಟಿಕೊಂಡು, ಎಡಗಡೆ, ಕುಡುಗೋಲಿನ ಆಕಾರದಲ್ಲಿ ಬೆಳ್ಳಗೆ ಏನೋ ಇತ್ತು. ರಕ್ತ. ಅಂಥ ಬಿಳುಪು ಕಂಡ ಡಾಕ್ಟರು ತಟ್ಟನೆ ಫೋನಿಗೆ ಕೈಹಾಕುವುದನ್ನು ನಾನು ಎಷ್ಟೋ ಸಲ ಕಂಡಿದ್ದೇನೆ.

ಮೊದಲು ನನಗೆ ಹೆದರಿಕೆಯಾಗಲಿಲ್ಲ, ಸಿಟ್ಟು ಬಂತು. ಹಳೆಯ ರೋಗಿ ಯಾರದೋ ಚಿತ್ರ ಈ ಹೆಸರಿಗೆ ಜೋಡಿಕೊಂಡಿದೆ, ಇನ್ನೂ ಎರಡು ತಾಸಿನ ಕೆಲಸ ಬಿತ್ತು ಎಂದುಕೊಂಡೆ. ಆಮೇಲೆ ನೆನಪಾಯಿತು, ಇದು ಹೊಸ ಡಿಸ್ಕು, ಹಳೆಯ ರೋಗಿಗಳನ್ನು ನಾನಿನ್ನೂ ಅದಕ್ಕೆ ಹಾಕಿಯೇ ಇರಲಿಲ್ಲ. ಅದರೊಳಗೆ ನೀರಿನ ಎರಡು ಚಿತ್ರ ಬಿಟ್ಟು ಬೇರೇನೂ ಇರಲಿಲ್ಲ.

ಒಂದೊಂದೇ ಚಿತ್ರ ಕೆಳಗೆ ಸರಿಸುತ್ತ ಹೋದೆ. ಹಣೆಯ ಎಲುಬು ಬಲಗಡೆ ಸ್ವಲ್ಪ ಒಳಗೆ ತಗ್ಗಾಗಿತ್ತು. ಅವ್ವ ಸಣ್ಣವಳಿದ್ದಾಗ ಎಮ್ಮೆ ಒದ್ದು ಅವಳ ಹಣೆಯಲ್ಲಿ ಬಲಕ್ಕೆ ಒಂದು ತಗ್ಗು ಬಿದ್ದಿದೆ. ಚಿಕ್ಕಂದಿನಲ್ಲಿ ನಾನು ಅದರಲ್ಲಿ ಬೆರಳಿಟ್ಟುಕೊಂಡು ಮಲಗುತ್ತಿದ್ದೆ. ಇನ್ನೂ ಕೆಳಗೆ ಹೋದೆ. ಮೂಗಿನ ಎಡಹೊಳ್ಳೆಯಿಂದ ನಾಲ್ಕೂ ಕಡೆ ಬಿಳಿ ಗೆರೆಗಳು ಸಿಡಿದಿದ್ದವು. ಲೋಹ ಇದ್ದರೆ ಹಾಗೆ ಬರುತ್ತದೆ. ಸ್ಕ್ಯಾನಿಗೆ ಮೊದಲು ಎಲ್ಲರ ಒಡವೆ ತೆಗೆಸುತ್ತಾರೆ. ಅವ್ವನ ಮೂಗುತಿಯ ತಿರುಪು ಜಾಮಾಗಿ ನಲವತ್ತು ವರ್ಷವಾಯಿತು, ಅಕ್ಕಸಾಲಿಗನೂ ಕೈಬಿಟ್ಟಿದ್ದ.

ಆಗ ಹೆದರಿಕೆ ಬಂತು. ಮತ್ತೆ ಮೇಲೆ, ಆ ಬಿಳುಪಿದ್ದ ಚಿತ್ರಕ್ಕೆ ಬಂದೆ. ಚಿತ್ರದ ಮೂಲೆಯಲ್ಲಿ ಅವ್ವನ ಹೆಸರು, ಅಂದಿನ ತಾರೀಖು, ಸಮಯ ಸಂಜೆ ಏಳು ಹತ್ತು ಎಂದಿತ್ತು. ಏಳಕ್ಕೆ ಇನ್ನೂ ಮೂರು ತಾಸು ಇತ್ತು. ಆದರೆ ಇದರ ಕಾರಣ ನನಗೆ ಗೊತ್ತಿತ್ತು. ಗಡಿಯಾರ ಸರಿಯಾಗಿ ಹೊಂದಿಸದಿದ್ದರೆ, ಭಾರತದ ಸಮಯಕ್ಕಾಗಿ ಜಾಗತಿಕ ಸಮಯಕ್ಕೆ ಕೂಡಿಸುವ ಐದೂವರೆ ತಾಸು ಎರಡು ಸಲ ಕೂಡಿಕೊಳ್ಳುತ್ತದೆ. ಒಂದು ನಲವತ್ತಕ್ಕೆ ಐದೂವರೆ ಕೂಡಿಸಿದರೆ ಏಳು ಹತ್ತು, ಲೆಕ್ಕ ಸರಿಯಾಗಿತ್ತು. ಒಂದಕ್ಕಾದರೂ ಕಾರಣ ಸಿಕ್ಕಿತಲ್ಲ ಎಂದು ಒಂದು ಗಳಿಗೆ ಧೈರ್ಯ ಬಂತು. ಹಿಂದಿನಿಂದ ಮಹಾದೇವಿ ಚಹಾ ತಂದು ಇಟ್ಟಳು, ಪರದೆ ನೋಡಿದಳು, ನನ್ನ ಮುಖ ನೋಡಿದಳು, ಮತ್ತೆ ಸೊಪ್ಪಿನ ಮುಂದೆ ಹೋಗಿ ಕೂತಳು.

ಮನೆಗೆ ಫೋನ್ ಮಾಡಿದೆ. ಹೆಂಡತಿ ಎತ್ತಿದಳು. ಅವ್ವ ಎಲ್ಲಿ ಎಂದರೆ, “ಅತ್ತಿ ಮಲಗ್ಯಾರ” ಎಂದಳು. ಅವ್ವ ಹಗಲು ಮಲಗುವ ಹೆಣ್ಣಲ್ಲ. ಮಧ್ಯಾಹ್ನವೆಲ್ಲ ಕಿಟಕಿಯ ಹತ್ತಿರ ಜೋಳ ಹಸನು ಮಾಡುತ್ತ ಕೂಡುವವಳು. ಎಬ್ಬಿಸು ಎಂದೆ. ಸ್ವಲ್ಪ ಹೊತ್ತಿನ ಮೇಲೆ ಅವ್ವನ ದನಿ ಕೇಳಿತು.

“ಏನೋ, ಉಂಡ್ಯಾ?”

ಆ ದನಿ ಕೇಳಿ ಎಷ್ಟು ಹಗುರಾಯಿತೆಂದರೆ ಕಣ್ಣಲ್ಲಿ ನೀರು ಬಂತು. ಉಂಡೆ ಅವ್ವ ಎಂದೆ. ಊರಿನ ಸುದ್ದಿ ಏನೋ ಒಂದು ಹೇಳಿದಳು. ಆಮೇಲೆ ಮತ್ತೆ, “ಉಂಡ್ಯಾ?” ಎಂದಳು. ಹೇಳಿದೆನಲ್ಲ ಎಂದೆ. ಹೂಂ ಎಂದವಳು ಮತ್ತೆ, “ಹೊತ್ತಾತು, ಉಂಡ್ಯೋ ಇಲ್ಲೋ?” ಎಂದಳು.

“ಅವ್ವಾ, ತಲಿಗಿ ಪೆಟ್ಟು ಹತ್ತಿತ್ತೇನು?”

ಅವ್ವ ಸಣ್ಣ ದನಿಯಲ್ಲಿ, “ನಿನಗ ಯಾರ್ ಹೇಳಿದ್ರು?” ಎಂದಳು.

ಎರಡು ದಿನದ ಹಿಂದೆ ಅಡುಗೆಮನೆಯ ಕಟ್ಟೆಯ ಕೆಳಗಿನಿಂದ ಪಾತ್ರೆ ತೆಗೆದು ಏಳುವಾಗ ಕಲ್ಲಿನ ಅಂಚು ತಲೆಗೆ ಬಡಿದಿತ್ತಂತೆ. ಸೊಸೆಗೂ ಹೇಳಿರಲಿಲ್ಲ. ಅವ್ವ ಹೃದಯಕ್ಕಾಗಿ ರಕ್ತ ತೆಳುವಾಗುವ ಗುಳಿಗೆ ತೆಗೆದುಕೊಳ್ಳುತ್ತಾಳೆ, ಬೀಳದಂತೆ ಬಡಿಯದಂತೆ ನೋಡಿಕೊಳ್ಳಿ ಎಂದು ಡಾಕ್ಟರು ಕಿವಿಮಾತು ಹೇಳಿದ್ದರು. ಯಾಕೆ ಹೇಳಲಿಲ್ಲ ಎಂದರೆ, “ನೀ ಒದರ್ತಿ ಅಂತ” ಎಂದಳು. ನಾನು ಒದರುವವನೇ. ಮನೆಯಲ್ಲಿ ಸಣ್ಣದಕ್ಕೂ ದೊಡ್ಡದಕ್ಕೂ ಒಂದೇ ದನಿ ನನ್ನದು. ಅದನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಹೆಂಡತಿಗೆ ಸುಳ್ಳು ಹೇಳಿದೆ. ಇಲ್ಲಿನ ಡಾಕ್ಟರು ಹೇಳುತ್ತಿದ್ದಾರೆ, ಈಗಲೇ ರಿಕ್ಷಾ ಮಾಡಿಕೊಂಡು ಆಸ್ಪತ್ರೆಗೆ ಕರೆದುಕೊಂಡು ಹೋಗು, ತಲೆಯ ಸ್ಕ್ಯಾನ್ ಮಾಡಿಸು ಎಂದೆ.

“ನೆಟ್ಟಗ ಮಾತಾಡ್ಲಿಕತ್ತಾರ್ರಿ. ಸುಮ್ಮನ ಯಾಕ ಅಂಜಸ್ತೀರಿ ಅವರ್ನ?”

ನಾನು ಮತ್ತೆ ಒದರಿದೆ. ಅವಳು ಹೊರಟಳು. ನಾನು ಪರದೆಯನ್ನು ಹಾಗೆಯೇ ಬಿಟ್ಟು, ಮುಟ್ಟಬೇಡ ಎಂದು ಮಹಾದೇವಿಗೆ ಹೇಳಿ, ಬೈಕ್ ಹತ್ತಿದೆ. ತಳೋಜಾ, ಶಿಳಫಾಟಾ ದಾಟಿ ಬರುವ ಆ ರಸ್ತೆಯಲ್ಲಿ ರವಿವಾರವೂ ಲಾರಿಗಳೇ. ದಾರಿಯುದ್ದಕ್ಕೂ ಎರಡು ಹೆದರಿಕೆ. ಅದು ನಿಜವಾದರೆ ಅವ್ವ ಹೋಗುತ್ತಾಳೆ. ನಿಜವಲ್ಲದಿದ್ದರೆ ನನಗೆ ಹುಚ್ಚು ಹಿಡಿದಿದೆ. ಹುಚ್ಚೇ ಇರಲಿ ದೇವರೇ ಎಂದು ಬೇಡಿಕೊಂಡೆ. ದೇವರನ್ನು ಕರೆದದ್ದು ಎಷ್ಟು ವರ್ಷಕ್ಕೋ ನೆನಪಿಲ್ಲ.

ಆಸ್ಪತ್ರೆ ಮುಟ್ಟಿದಾಗ ಅವ್ವ ಸ್ಟ್ರೆಚರಿನ ಮೇಲೆ ಮಲಗಿ, ತನಗೇನೂ ಆಗಿಲ್ಲ ಎಂದು ಗೊಣಗುತ್ತಿದ್ದಳು. ಬಲಗೈ ಹಿಡಿದುಕೊಂಡೆ. ಹಿಡಿತದಲ್ಲಿ ಜೋರಿರಲಿಲ್ಲ. ಸರದಿ ಬರಲು ತಡವಾಯಿತು. ಸ್ಕ್ಯಾನ್ ಮಾಡುವವನು, “ಆಜೀ, ಹೀ ನಥನೀ ಕಾಢಾ” ಎಂದು ಮರಾಠಿಯಲ್ಲಿ ಮೂಗುತಿ ತೆಗೆಯಲು ಹೇಳಿದ. ಬರುವುದಿಲ್ಲ, ಹಾಗೇ ಮಾಡಿ ಎಂದೆ. ಆಮೇಲೆ ಗಾಜಿನ ಈಚೆಯಿಂದ ನೋಡುತ್ತ ನಿಂತೆ. ಒಂದೊಂದೇ ಚಿತ್ರ ಬಂತು. ಎಡಗಡೆಯ ಬಿಳಿ ಕುಡುಗೋಲು, ಹಣೆಯ ತಗ್ಗು, ಮೂಗಿನಿಂದ ಸಿಡಿದ ಗೆರೆಗಳು. ಮುಂದೆ ಯಾವ ಚಿತ್ರ ಬರುತ್ತದೆ ಎಂದು ನನಗೆ ಮೊದಲೇ ಗೊತ್ತಿತ್ತು. ಮೂಲೆಯಲ್ಲಿ ಸಮಯ ಏಳು ಹತ್ತು ಎಂದಿತ್ತು.

ರಾತ್ರಿಯೇ ಆಪರೇಷನ್ ಆಯಿತು. ಬೆಳಗಿನತನಕ ಬಿಟ್ಟಿದ್ದರೆ ಎಂದು ಮಾತು ತೆಗೆದ ಸರ್ಜನ್ ಅದನ್ನು ಪೂರ್ತಿ ಮಾಡಲಿಲ್ಲ. ಅವ್ವ ಉಳಿದಳು. ಬದುಕಿದ ಸಂತೋಷಕ್ಕಿಂತ ಕೂದಲು ಬೋಳಿಸಿದ ಸಿಟ್ಟೇ ಅವಳಿಗೆ ಹೆಚ್ಚಾಗಿತ್ತು.

ಕಾಮೋಠೆಯ ಡಾಕ್ಟರು ಒಳ್ಳೆಯವರು. ಹಳೆಯ ಕಂಪ್ಯೂಟರಿನಲ್ಲೇ ಕೆಲವು ದಿನ ತಳ್ಳುತ್ತೇನೆ, ತಾಯಿಯನ್ನು ನೋಡಿಕೋ ಎಂದಿದ್ದರು. ಅವ್ವನಿಗೆ ಅಪಾಯವಿಲ್ಲ ಎಂದ ಮರುದಿನ ಮಧ್ಯಾಹ್ನ ಹೋದೆ. ನಾನು ಬಿಟ್ಟುಹೋದ ಪರದೆಗೆ ಮಹಾದೇವಿ ಒಂದು ಬಟ್ಟೆ ಹೊದಿಸಿದ್ದಳು. ತೆಗೆದು, ಅವ್ವನ ಹೆಸರನ್ನು ಮತ್ತೆ ಒತ್ತಿದೆ. ಬೂದು ಬಣ್ಣದ ವೃತ್ತ. ಮೇಲಿನಿಂದ ಕೆಳಗಿನವರೆಗೆ ನೀರು, ಬರೀ ನೀರು. ಕಂಪ್ಯೂಟರಿನ ದಾಖಲೆಗಳನ್ನೆಲ್ಲ ಜಾಲಾಡಿದೆ. ರವಿವಾರ ನಾನು ಆ ಫೈಲುಗಳನ್ನು ಮಾಡಿದ ಮೇಲೆ ಅವುಗಳಲ್ಲಿ ಒಂದು ಅಕ್ಷರವೂ ಬದಲಾಗಿರಲಿಲ್ಲ.

ಹಾಗಾದರೆ ನಾನು ಕಂಡದ್ದು ಭ್ರಮೆ. ಬೆಳಿಗ್ಗೆ ಹೊರಡುವಾಗಲೇ ಅವ್ವ ಮಾತನ್ನು ಎರಡೆರಡು ಸಲ ಆಡಿರಬೇಕು, ನನ್ನ ಕಿವಿಗೆ ಬಿದ್ದು ಮನಸ್ಸಿಗೆ ಬಂದಿರಲಿಲ್ಲ, ದಣಿದ ಕಣ್ಣು ಅದಕ್ಕೊಂದು ಚಿತ್ರ ಕೊಟ್ಟಿತು. ಹೀಗೆಂದು ಹೆಚ್ಚುಕಡಿಮೆ ಒಪ್ಪಿಕೊಂಡಿದ್ದೆ. ಸುಮ್ಮನಿರಲಾರದೆ ಮಹಾದೇವಿಯನ್ನು ಕೇಳಿದೆ, ಅವತ್ತು ಚಹಾ ಇಟ್ಟಾಗ ಪರದೆಯ ಮೇಲೆ ಏನು ನೋಡಿದೆ ಎಂದು.

“ನನಗೇನ್ ತಿಳೀತದ್ರಿ ಅದರಾಗ? ರೊಟ್ಟಿ ಹಂಗ ಗುಂಡಕ ಇತ್ತು. ಒಂದ್ ಕಡಿ ಅಂಚಿಗಿ ಹಸಿ ಉಳದಿತ್ತು ನೋಡ್ರಿ, ಬೆಳ್ಳಗ.”

ನೀರಿನ ಚಿತ್ರದಲ್ಲಿ ಹಸಿ ಉಳಿದ ಅಂಚು ಇರುವುದಿಲ್ಲ.

ಆಗ ಎರಡನೇ ಸಾಲು ಕಣ್ಣಿಗೆ ಬಿತ್ತು. ನನ್ನ ಹೆಸರು. ಅವತ್ತು ಅದನ್ನು ತೆರೆದಿರಲಿಲ್ಲ. ಮೌಸನ್ನು ಅದರ ಮೇಲೆ ತಂದೆ, ಆದರೆ ಬೆರಳು ಒತ್ತಲಿಲ್ಲ. ಅವ್ವನ ಚಿತ್ರ ನೀರಾದದ್ದು ಅವ್ವ ಅಪಾಯ ದಾಟಿದ ಮೇಲೆ. ನನ್ನದು ಈಗಲೇ ನೀರಾಗಿದೆಯೋ, ಇನ್ನೂ ಆಗಬೇಕೋ? ಅಳಿಸಿಬಿಡೋಣವೆಂದರೆ ಅದಕ್ಕೂ ಧೈರ್ಯ ಬರಲಿಲ್ಲ. ಈ ಡಿಸ್ಕಿನ ಮೇಲೆ ನನಗೆ ಸಂಶಯ ಎಂದು ಡಾಕ್ಟರಿಗೆ ಹೇಳಿ ಬೇರೆ ಡಿಸ್ಕು ಹಾಕಿ, ಎಲ್ಲವನ್ನೂ ಮೊದಲಿನಿಂದ ಕೂರಿಸಿದೆ. ರೋಗಿಯ ಹೆಸರು ‘ಟೆಸ್ಟ್’ ಎಂದು ಬರೆದೆ. ಒಂದೂ ತಕರಾರಿಲ್ಲದೆ ಮುಕ್ಕಾಲು ತಾಸಿನಲ್ಲಿ ಮುಗಿಯಿತು.

ಬಿಚ್ಚಿ ತೆಗೆದ ಆ ಡಿಸ್ಕನ್ನು ಮನೆಗೆ ತಂದೆ. ಅವ್ವನಿಗೆ ಮಾತ್ರ ಎಲ್ಲವನ್ನೂ ಹೇಳಿದೆ. ಅವಳು ಆಶ್ಚರ್ಯಪಡಲಿಲ್ಲ. ಡಿಸ್ಕನ್ನು ಇಸಿದುಕೊಂಡು ತನ್ನ ಟ್ರಂಕಿನಲ್ಲಿ ಇಲಕಲ್ ಸೀರೆಗಳ ಅಡಿಗೆ ಇಟ್ಟು ಕೀಲಿ ಹಾಕಿದಳು. “ನಿಂದು ನೋಡಬ್ಯಾಡ. ನೀರೇ ಐತಿ ಅಂತ ತಿಳ್ಕೊ” ಎಂದಳು.

ನೀವು ಕೇಳಬಹುದು, ನೋಡಿದ್ದರಿಂದಲೇ ಅವ್ವ ಉಳಿದಳು, ಹಾಗಾದರೆ ನಿನ್ನದನ್ನೂ ನೋಡಬೇಕಲ್ಲವೇ ಎಂದು. ನ್ಯಾಯವಾದ ಮಾತು. ಇಲ್ಲವೇ ನೆಟ್ಟಗೆ ಹೋಗಿ ಒಂದು ಸ್ಕ್ಯಾನ್ ಮಾಡಿಸಿಕೋ ಎನ್ನಬಹುದು. ದಿನಾ ಆ ಯಂತ್ರದ ಪಕ್ಕದಲ್ಲೇ ಕೂತು ಕೆಲಸ ಮಾಡುತ್ತೇನೆ, ಅದರ ಮೇಲೆ ಮಲಗುವ ಧೈರ್ಯವಿಲ್ಲ. ಆ ಎರಡನೇ ಸಾಲಿನ ತಾರೀಖೂ ಆ ರವಿವಾರದ್ದೇ, ಅದು ಎಂದೋ ಕಳೆದುಹೋಯಿತು ಎಂದು ಸಮಾಧಾನ ಮಾಡಿಕೊಳ್ಳುತ್ತೇನೆ. ಆದರೆ ತಾರೀಖು ಹಾಕಿದವನು ನಾನು. ಅವ್ವನ ಚಿತ್ರ ಹಾಕಿದವನು ನಾನಲ್ಲ.

ಇದನ್ನು ಈಗ ಬರೆಯಲು ಕಾರಣವಿದೆ. ಮೊನ್ನೆ ಊಟಕ್ಕೆ ಕೂತಾಗ ಅವ್ವನನ್ನು, ಗುಳಿಗೆ ತೊಗೊಂಡ್ಯಾ ಎಂದು ಕೇಳಿದೆ. ಹೆಂಡತಿ ಪಲ್ಯ ಬಡಿಸುತ್ತ, “ಈಗಷ್ಟ ಕೇಳಿದ್ರಲ್ಲ, ಇದು ಮೂರನೇ ಸಲ” ಎಂದು ನಕ್ಕಳು. ನನಗೆ ಒಂದೇ ಸಲ ಕೇಳಿದ ನೆನಪು. ಅವ್ವ ರೊಟ್ಟಿ ಮುರಿಯುವುದನ್ನು ನಿಲ್ಲಿಸಿ ನನ್ನನ್ನೇ ನೋಡಿದಳು. ಮರುದಿನ ಬೆಳಿಗ್ಗೆ ಟ್ರಂಕಿನ ಕೀಲಿಯನ್ನು ಸೊಂಟದಿಂದ ಬಿಚ್ಚಿ, ನನ್ನ ಚಹಾದ ಕಪ್ಪಿನ ಪಕ್ಕದಲ್ಲಿಟ್ಟು ಹೋದಳು. ಕೀಲಿ ಇನ್ನೂ ಅಲ್ಲಿಯೇ ಇದೆ.